ಕೋಲಾರ ಚಿನ್ನದ ಗಣಿ ಪ್ರದೇಶದ ಆಂಗ್ಲೋ-ಇಂಡಿಯನ್ ಮಹಿಳೆಯರ ಹೊರವಲಸೆ

ಕೋಲಾರ ಜಿಲ್ಲೆಯ ಚಿನ್ನದ ಗಣಿ ಪಟ್ಟಣಗಳಲ್ಲಿಯೂ ಸಮೀಪದ ರೈಲು ಜಂಕ್ಷನ್ ಬಂಗಾರಪೇಟೆಯಲ್ಲಿಯೂ ನೆಲೆಸಿದ್ದ ಆಂಗ್ಲೋ-ಇಂಡಿಯನ್ ಸಮುದಾಯದ ಮಹಿಳೆಯರು, ಮುಖ್ಯವಾಗಿ 1947ರಿಂದ 1980ರ ದಶಕದವರೆಗೆ, ಬ್ರಿಟನ್, ಆಸ್ಟ್ರೇಲಿಯ, ಕೆನಡ ಮತ್ತು ನ್ಯೂಜಿಲೆಂಡ್ ದೇಶಗಳಿಗೆ ಹೋಗಿ ನೆಲೆಸಿದ ಪ್ರಕ್ರಿಯೆಯನ್ನು ಈ ಹೆಸರಿನಿಂದ ಗುರುತಿಸಬಹುದು. ಭಾರತದ ಆಂಗ್ಲೋ-ಇಂಡಿಯನ್ನರ ಒಟ್ಟು ಹೊರವಲಸೆಯ ಒಂದು ಭಾಗವಾಗಿದ್ದರೂ ಇದಕ್ಕೆ ಪ್ರತ್ಯೇಕ ಲಕ್ಷಣಗಳಿವೆ. ಇಲ್ಲಿನ ಕುಟುಂಬಗಳ ವಸತಿ, ಶಾಲೆ, ಆಸ್ಪತ್ರೆ ಮತ್ತು ಮನರಂಜನೆ ಎಲ್ಲವೂ ಒಂದೇ ಉದ್ಯಮವನ್ನು ಅವಲಂಬಿಸಿದ್ದುದರಿಂದ, ಗಣಿಯ ಏಳುಬೀಳುಗಳೂ ವಲಸೆಯ ವೇಗದ ಮೇಲೆ ಪ್ರಭಾವ ಬೀರಿದವು.

ಪರಿಭಾಷೆ ಮತ್ತು ವ್ಯಾಪ್ತಿ

ಭಾರತದಲ್ಲಿ ನೆಲೆಸಿದ ಬ್ರಿಟಿಷರನ್ನು 19ನೆಯ ಶತಮಾನದಲ್ಲಿ ಆಂಗ್ಲೋ-ಇಂಡಿಯನ್ನರೆಂದೂ ಮಿಶ್ರ ಸಂತತಿಯವರನ್ನು ಯುರೇಷಿಯನ್ನರೆಂದೂ ಕರೆಯುತ್ತಿದ್ದರು. 1911ರ ಜನಗಣತಿಯಿಂದ ಮಿಶ್ರ ಸಂತತಿಯವರಿಗೆ ಆಂಗ್ಲೋ-ಇಂಡಿಯನ್ ಎಂಬ ಹೆಸರು ಅಧಿಕೃತವಾಯಿತು. ಭಾರತ ಸಂವಿಧಾನದ 366(2)ನೆಯ ವಿಧಿಯ ಪ್ರಕಾರ, ತಂದೆ ಅಥವಾ ತಂದೆಯ ವಂಶದ ಯಾವುದೇ ಪುರುಷ ಪೂರ್ವಜ ಯುರೋಪ್ ಮೂಲದವನಾಗಿದ್ದು, ಭಾರತದಲ್ಲೇ ಸ್ಥಿರವಾಗಿ ನೆಲೆಸಿದ್ದ ತಂದೆತಾಯಿಗಳಿಗೆ ಇಲ್ಲೇ ಹುಟ್ಟಿ, ಇಲ್ಲೇ ನೆಲೆಸಿರುವ ವ್ಯಕ್ತಿ ಆಂಗ್ಲೋ-ಇಂಡಿಯನ್. ಈ ವ್ಯಾಖ್ಯೆ ಗಂಡು ವಂಶಾವಳಿಯನ್ನು ಮಾತ್ರ ಪರಿಗಣಿಸುತ್ತದೆ. ಸಮುದಾಯದ ಹೊರಗೆ ಮದುವೆಯಾದ ಆಂಗ್ಲೋ-ಇಂಡಿಯನ್ ಮಹಿಳೆಯ ಮಕ್ಕಳು ಕಾನೂನಿನ ದೃಷ್ಟಿಯಲ್ಲಿ ಆಂಗ್ಲೋ-ಇಂಡಿಯನ್ನರಾಗುವುದಿಲ್ಲ.

ಈ ಲೇಖನದಲ್ಲಿ 'ಗಣಿ ಪ್ರದೇಶ' ಎಂದರೆ ಮಾರಿಕುಪ್ಪಂ, ಚಾಂಪಿಯನ್ ರೀಫ್, ಊರ್ಗಾಂ, ಕೋರಮಂಡಲ, ರಾಬರ್ಟ್‌ಸನ್‌ಪೇಟೆ ಮತ್ತು ಆಂಡರ್‌ಸನ್‌ಪೇಟೆಗಳನ್ನು ಒಳಗೊಂಡ ಕೆ.ಜಿ.ಎಫ್. (ಕೋಲಾರ್ ಗೋಲ್ಡ್ ಫೀಲ್ಡ್ಸ್) ಪ್ರದೇಶ. ಗಣಿಯಲ್ಲಿ ಕೆಲವು ವರ್ಷ ದುಡಿದು ಸ್ವದೇಶಕ್ಕೆ ಮರಳಿದ ಬ್ರಿಟಿಷ್ ಅಧಿಕಾರಿಗಳ ಕುಟುಂಬಗಳು ಇದರ ವ್ಯಾಪ್ತಿಗೆ ಬರುವುದಿಲ್ಲ.

ಹಿನ್ನೆಲೆ: ಗಣಿ ಮತ್ತು ರೈಲು

ಕೋಲಾರದ ಚಿನ್ನದ ನೆಲೆಗಳ ಬಗ್ಗೆ 1802ರಲ್ಲಿ ಸೇನಾಧಿಕಾರಿ ಜಾನ್ ವಾರೆನ್ ವರದಿ ಮಾಡಿದ್ದ. ಬೆಂಗಳೂರು ದಂಡು ಪ್ರದೇಶದಲ್ಲಿ ನೆಲೆಸಿದ್ದ ನಿವೃತ್ತ ಐರಿಷ್ ಸೈನಿಕ ಮೈಕೆಲ್ ಫಿಟ್ಜ್‌ಜೆರಾಲ್ಡ್ ಲವೆಲ್‌ಗೆ 1875ರಲ್ಲಿ ಗಣಿಗಾರಿಕೆಯ ಪರವಾನಗಿ ದೊರೆಯಿತು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಪ್ರವೇಶಿಸಿದ ನಂತರ ಮೈಸೂರು, ಚಾಂಪಿಯನ್ ರೀಫ್, ಊರ್ಗಾಂ ಮತ್ತು ನಂದಿದುರ್ಗ ಗಣಿಗಳು ಬೆಳೆದವು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ತಂತಿಮಾರ್ಗದ ಮೂಲಕ ಗಣಿಗೆ ವಿದ್ಯುತ್ ಬಂದಿತು. ಮುಂದೆ ಚಾಂಪಿಯನ್ ರೀಫ್ ಗಣಿ 3 ಕಿ.ಮೀ.ಗೂ ಹೆಚ್ಚು ಆಳಕ್ಕೆ ಇಳಿದು, ಜಗತ್ತಿನ ಅತ್ಯಂತ ಆಳದ ಗಣಿಗಳಲ್ಲಿ ಒಂದೆನಿಸಿತು.

ಬಂಗಾರಪೇಟೆಯ ಹಿಂದಿನ ಹೆಸರು ಬೌರಿಂಗ್‌ಪೇಟೆ. ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೆಂತಮ್ ಬೌರಿಂಗ್‌ನ ಹೆಸರನ್ನು ಅದಕ್ಕೆ ಇಡಲಾಗಿತ್ತು. ಬೆಂಗಳೂರು-ಜೋಲಾರಪೇಟೆ ಮಾರ್ಗದ ಈ ನಿಲ್ದಾಣದಿಂದ 1894ರಲ್ಲಿ ಮಾರಿಕುಪ್ಪಂವರೆಗೆ ರೈಲು ಹಾಕಲಾಯಿತು. ಯಂತ್ರ, ಕಲ್ಲಿದ್ದಲು, ದಿನಸಿಗಳಂತೆಯೇ ಕೆಲಸಗಾರರೂ ಈ ದಾರಿಯಲ್ಲೇ ಗಣಿಗೆ ಬಂದರು. ಆಂಗ್ಲೋ-ಇಂಡಿಯನ್ನರು ದೇಶದಾದ್ಯಂತ ರೈಲ್ವೆಯಲ್ಲಿ ಚಾಲಕರು, ಗಾರ್ಡುಗಳು, ಸ್ಟೇಷನ್ ಮಾಸ್ತರರಾಗಿದ್ದರು. ಹಾಗಾಗಿ ರೈಲು ಮತ್ತು ಗಣಿ ಎರಡೂ ಕೂಡುವ ಬಂಗಾರಪೇಟೆ ಈ ಸಮುದಾಯದ ಬದುಕಿನಲ್ಲಿ ಮುಖ್ಯ ನಿಲ್ದಾಣವಾಯಿತು. ಹೊರದೇಶಕ್ಕೆ ಹೊರಟ ಕುಟುಂಬಗಳು ಮದ್ರಾಸ್ ಅಥವಾ ಬೊಂಬಾಯಿಯ ಕಡೆಗೆ ರೈಲು ಬದಲಿಸುತ್ತಿದ್ದುದೂ ಇಲ್ಲಿಯೇ.

ಸಮಾಜದ ರಚನೆ

ಗಣಿ ಪ್ರದೇಶದಲ್ಲಿ ಉದ್ಯೋಗದ ಶ್ರೇಣಿಗೆ ತಕ್ಕಂತೆ ವಸತಿ ಹಂಚಿಕೆಯಾಗಿತ್ತು. ಮೇಲಿನ ಹುದ್ದೆಗಳಲ್ಲಿದ್ದ ಬ್ರಿಟಿಷರು ತೋಟವಿದ್ದ ಬಂಗಲೆಗಳಲ್ಲಿದ್ದರು. ಗಣಿ ಕೆಲಸದಲ್ಲಿ ನುರಿತ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತ್ಯದವರೂ ಇಟಲಿಯವರೂ ಇಲ್ಲಿಗೆ ಬಂದಿದ್ದರು. ಫೋರ್‌ಮನ್, ಮೇಲ್ವಿಚಾರಕ, ಯಂತ್ರಶಾಲೆ, ವಿದ್ಯುತ್ ವಿಭಾಗ, ಕಾವಲು ಪಡೆ ಮತ್ತು ಕಚೇರಿಯ ಮಧ್ಯಮ ಹುದ್ದೆಗಳಲ್ಲಿ ಆಂಗ್ಲೋ-ಇಂಡಿಯನ್ನರು ಹೆಚ್ಚಾಗಿದ್ದರು. ಶಾಫ್ಟಿನೊಳಗೆ ಇಳಿದು ಬಂಡೆ ಒಡೆಯುವ ಕೆಲಸವನ್ನು ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಮುಂತಾದ ಕಡೆಗಳಿಂದ ಬಂದ ತಮಿಳು ಮತ್ತು ತೆಲುಗು ಕಾರ್ಮಿಕರು ಮಾಡಿದರು. ಅವರಲ್ಲಿ ಬಹುಪಾಲು ದಲಿತರು. ಅವರ ಸಾಲುಮನೆಗಳನ್ನು ಇಂದಿಗೂ 'ಲೈನು'ಗಳೆಂದೇ ಕರೆಯುತ್ತಾರೆ.

ಬ್ರಿಟಿಷರ ಬಂಗಲೆಗೂ ಕಾರ್ಮಿಕರ ಲೈನಿಗೂ ನಡುವೆ ಇದ್ದುದು ಆಂಗ್ಲೋ-ಇಂಡಿಯನ್ ಕುಟುಂಬಗಳ ಸ್ಥಾನ. ಮನೆಮಾತು ಇಂಗ್ಲಿಷ್. ಅಡುಗೆಯವರು, ಆಯಾಗಳು ಮತ್ತು ಅಂಗಡಿಯವರೊಡನೆ ತಮಿಳು. ಆಚರಣೆಗಳಲ್ಲಿ ಕ್ರಿಸ್‌ಮಸ್, ಈಸ್ಟರ್, ಹೊಸವರ್ಷದ ನೃತ್ಯಕೂಟ. ಧರ್ಮದಲ್ಲಿ ರೋಮನ್ ಕ್ಯಾಥೊಲಿಕ್ ಅಥವಾ ಪ್ರಾಟೆಸ್ಟೆಂಟ್. ಬ್ರಿಟಿಷ್ ಜೀವನಕ್ರಮದ ಈ ಛಾಯೆಯಿಂದ ಊರಿಗೆ 'ಪುಟ್ಟ ಇಂಗ್ಲೆಂಡ್' ಎಂಬ ಹೆಸರು ಬಂದಿತು. ಬಿಸಿಲು, ಬಂಡೆ, ಸೈನೈಡ್ ದಿಬ್ಬದ (ಚಿನ್ನ ತೆಗೆದ ಅದಿರಿನ ಪುಡಿಯ ರಾಶಿ) ಧೂಳಿನಲ್ಲಿ ಬದುಕಿದ ಬಹುಸಂಖ್ಯಾತ ಕಾರ್ಮಿಕರ ಅನುಭವ ಈ ಹೆಸರಿನಲ್ಲಿ ಅಡಗಿಲ್ಲ.

ಮಹಿಳೆಯರ ಶಿಕ್ಷಣ ಮತ್ತು ಉದ್ಯೋಗ

ಚರ್ಚುಗಳೂ ಕಾನ್ವೆಂಟುಗಳೂ ನಡೆಸುತ್ತಿದ್ದ ಇಂಗ್ಲಿಷ್ ಶಾಲೆಗಳಲ್ಲಿ ಆಂಗ್ಲೋ-ಇಂಡಿಯನ್ ಹೆಣ್ಣುಮಕ್ಕಳು ಓದಿದರು. ಮುಂದಿನ ತರಬೇತಿಗೆ ಬೆಂಗಳೂರು ಅಥವಾ ಮದ್ರಾಸಿಗೆ ಹೋಗುತ್ತಿದ್ದರು. ಭಾರತದ ಇತರ ಮಧ್ಯಮವರ್ಗಗಳ ಹೆಂಗಸರು ಸಂಬಳದ ಕೆಲಸಕ್ಕೆ ಹೋಗುವುದು ಅಪರೂಪವಾಗಿದ್ದ ಕಾಲದಲ್ಲಿ ಇವರು ಶಾಲಾ ಶಿಕ್ಷಕಿಯರು, ದಾದಿಯರು, ಟೈಪಿಸ್ಟರು, ಶೀಘ್ರಲಿಪಿಕಾರರು, ಟೆಲಿಫೋನ್ ಆಪರೇಟರುಗಳಾದರು. ಎರಡನೆಯ ಮಹಾಯುದ್ಧದಲ್ಲಿ, 1942ರಲ್ಲಿ ರಚನೆಯಾದ ಭಾರತದ ಮಹಿಳಾ ಸಹಾಯಕ ದಳಕ್ಕೆ ಸೇರಿದವರಲ್ಲಿ ಈ ಸಮುದಾಯದ ಹೆಂಗಸರ ಪಾಲು ಬಹು ದೊಡ್ಡದು. ಹೊರದೇಶಕ್ಕೆ ಹೋದ ಮೇಲೆ ಕುಟುಂಬದ ಮೊದಲ ಸಂಬಳ ಅನೇಕ ವೇಳೆ ಮಹಿಳೆಯರ ಕೈಯಿಂದ ಬಂದುದಕ್ಕೆ ಈ ಕುಶಲತೆಗಳೇ ಕಾರಣ.

ಹೊರವಲಸೆಯ ಕಾರಣಗಳು

ರಾಜಕೀಯ ಕಾರಣ: ವಸಾಹತು ಆಡಳಿತದಲ್ಲಿ ರೈಲ್ವೆ, ಅಂಚೆ-ತಂತಿ ಮತ್ತು ಸುಂಕದ ಇಲಾಖೆಗಳು ಸಮುದಾಯದ ಆಧಾರವಾಗಿದ್ದವು. ಸಂವಿಧಾನದ 336ನೆಯ ವಿಧಿ ಈ ಹುದ್ದೆಗಳ ಮೀಸಲಾತಿಯನ್ನು ಎರಡು ವರ್ಷಕ್ಕೊಮ್ಮೆ ಶೇಕಡ 10ರಂತೆ ಇಳಿಸುತ್ತಾ 1960ಕ್ಕೆ ಕೊನೆಗೊಳಿಸಿತು. 337ನೆಯ ವಿಧಿಯಡಿ ಶಾಲೆಗಳಿಗೆ ದೊರೆಯುತ್ತಿದ್ದ ವಿಶೇಷ ಅನುದಾನವೂ ಅದೇ ಕಾಲಕ್ಕೆ ನಿಂತಿತು. ಇಂಗ್ಲಿಷ್ ಮಾತ್ರ ಬಲ್ಲವರಿಗೆ ಮುಂದಿನ ದಿನಗಳು ಹೇಗೋ ಎಂಬ ಆತಂಕ ಮನೆಮನೆಗಳಲ್ಲಿ ಬೆಳೆಯಿತು.

ಉದ್ಯಮದ ಕಾರಣ: 1956ರ ನವೆಂಬರ್‌ನಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ರಾಷ್ಟ್ರೀಕರಿಸಿತು. 1962ರ ಡಿಸೆಂಬರ್‌ನಲ್ಲಿ ಅವು ಕೇಂದ್ರ ಸರ್ಕಾರದ ಹಣಕಾಸು ಸಚಿವಾಲಯಕ್ಕೆ ಸೇರಿದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಸ್ಥಾಪನೆಯಾಯಿತು. ರಾಷ್ಟ್ರೀಕರಣದೊಂದಿಗೆ ಬ್ರಿಟಿಷ್ ಅಧಿಕಾರಿಗಳು ಹಿಂದಿರುಗಿದರು. ಆಳ ಹೆಚ್ಚಿದಂತೆ ಉತ್ಪಾದನೆಯ ವೆಚ್ಚ ಏರಿ, ಅದಿರಿನಲ್ಲಿ ಚಿನ್ನದ ಅಂಶ ಇಳಿಯಿತು. ಬಂಡೆ ಸಿಡಿತದ ಅಪಾಯವೂ ಹೆಚ್ಚಿತು. ತಂದೆಯ ಕೆಲಸ ಮಗನಿಗೆ ದೊರೆಯುವ ಭರವಸೆ ಕುಂದಿತು.

ಕೌಟುಂಬಿಕ ಕಾರಣ: ಮೊದಲು ಹೋದ ಅಣ್ಣನೋ ಅಕ್ಕನೋ ಅತ್ತೆಯೋ ಉಳಿದವರನ್ನು ಕರೆಸಿಕೊಂಡರು. ಸಮುದಾಯ ಕುಗ್ಗಿದಂತೆ ಅದರೊಳಗೇ ಮದುವೆಯ ಅವಕಾಶವೂ ಕುಗ್ಗಿ, ಅದು ಮತ್ತಷ್ಟು ವಲಸೆಗೆ ಕಾರಣವಾಯಿತು.

ವಲಸೆಯ ಘಟ್ಟಗಳು

ಮೊದಲ ಘಟ್ಟ (1947-1962) ಬ್ರಿಟನ್ನಿನದು. 1949ರ ಜನವರಿ 1ರಂದು ಜಾರಿಗೆ ಬಂದ ಬ್ರಿಟಿಷ್ ರಾಷ್ಟ್ರೀಯತಾ ಕಾಯಿದೆಯ ಅಡಿಯಲ್ಲಿ, ತಂದೆ ಅಥವಾ ತಾತ ಬ್ರಿಟಿಷ್ ಮೂಲದವರೆಂದು ತೋರಿಸಬಲ್ಲವರು ಅಲ್ಲಿನ ಪೌರತ್ವಕ್ಕೆ ಪ್ರಯತ್ನಿಸಿದರು. 1962ರ ಜುಲೈನಲ್ಲಿ ಜಾರಿಗೆ ಬಂದ ಕಾಮನ್‌ವೆಲ್ತ್ ವಲಸಿಗರ ಕಾಯಿದೆ ಈ ಬಾಗಿಲನ್ನು ಕಿರಿದಾಗಿಸಿತು.

ಎರಡನೆಯ ಘಟ್ಟ ಆಸ್ಟ್ರೇಲಿಯದ್ದು. 1947ರ ಆಗಸ್ಟ್‌ನಲ್ಲಿ 'ಮನೂರ' ಎಂಬ ಹಡಗು ಬೊಂಬಾಯಿಯಿಂದ ಆಂಗ್ಲೋ-ಇಂಡಿಯನ್ನರನ್ನೂ ಒಳಗೊಂಡ ಪ್ರಯಾಣಿಕರನ್ನು ಪಶ್ಚಿಮ ಆಸ್ಟ್ರೇಲಿಯದ ಫ್ರೀಮ್ಯಾಂಟಲ್ ಬಂದರಿಗೆ ಒಯ್ದಿತ್ತು. ಆದರೆ 1901ರಿಂದ ಜಾರಿಯಲ್ಲಿದ್ದ ಬಿಳಿಯರ ಆಸ್ಟ್ರೇಲಿಯ ನೀತಿಯಿಂದಾಗಿ, ಮುಂದಿನ ಎರಡು ದಶಕಗಳಲ್ಲಿ ಯುರೋಪಿಯನ್ ಪೂರ್ವಜರ ಪಾಲನ್ನು ಸಾಬೀತುಪಡಿಸಬೇಕಾಯಿತು. ಒಂದೇ ತಾಯಿಯ ಮಕ್ಕಳಲ್ಲಿ ಮೈಬಣ್ಣ ಭಿನ್ನವಾಗಿದ್ದರೆ ಅದೂ ತೊಡಕಾಗುವಂಥ ನೀತಿ ಅದು. 1966ರಲ್ಲಿ ನಿಯಮಗಳು ಸಡಿಲಗೊಂಡು, 1973ರಲ್ಲಿ ವರ್ಣಾಧಾರಿತ ನೀತಿ ಕೊನೆಗೊಂಡ ಮೇಲೆ ಪರ್ತ್ ಮತ್ತು ಮೆಲ್ಬರ್ನ್ ಈ ಸಮುದಾಯದ ದೊಡ್ಡ ನೆಲೆಗಳಾದವು.

ಮೂರನೆಯ ಘಟ್ಟದಲ್ಲಿ ಕೆನಡ ಸೇರಿತು. ಅಲ್ಲಿ 1962ರಲ್ಲಿ ವರ್ಣಭೇದದ ನಿಯಮಗಳು ಬಹುಮಟ್ಟಿಗೆ ತೆಗೆಯಲ್ಪಟ್ಟು, 1967ರಲ್ಲಿ ವಿದ್ಯೆ, ಭಾಷೆ, ಕೌಶಲಗಳಿಗೆ ಅಂಕ ನೀಡಿ ವಲಸಿಗರನ್ನು ಆಯುವ ಅಂಕಪದ್ಧತಿ ಜಾರಿಗೆ ಬಂದಿತು. ಇಂಗ್ಲಿಷ್ ಬಲ್ಲ, ತರಬೇತಿ ಪಡೆದ ದಾದಿಯರಿಗೂ ಕಚೇರಿ ನೌಕರರಿಗೂ ಇದು ಅನುಕೂಲವಾಯಿತು.

ವಲಸೆಯ ವಿಧಗಳು

ಮಹಿಳೆಯರ ಹೊರವಲಸೆಯನ್ನು ನಾಲ್ಕು ವಿಧವಾಗಿ ವಿಂಗಡಿಸಬಹುದು. ಗಂಡ ಮತ್ತು ಮಕ್ಕಳೊಂದಿಗೆ ಇಡೀ ಸಂಸಾರವಾಗಿ ಹೋದವರು ಮೊದಲನೆಯ ವರ್ಗ. ತರಬೇತಿಗಾಗಿ ಅಥವಾ ಕೆಲಸಕ್ಕಾಗಿ ಒಂಟಿಯಾಗಿ ಹೋದ ತರುಣಿಯರು ಎರಡನೆಯವರು. 1948ರಲ್ಲಿ ಆರಂಭವಾದ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಗೆ ದಾದಿಯರ ಅಗತ್ಯ ಬಹಳವಿದ್ದುದು ಇವರಿಗೆ ನೆರವಾಯಿತು. ಹೊರದೇಶದಲ್ಲಿದ್ದ ವರನನ್ನು ಮದುವೆಯಾಗಿ ಹೋದವರು ಮೂರನೆಯವರು. ಮಕ್ಕಳು ನೆಲೆಗೊಂಡ ಮೇಲೆ ಕರೆಸಿಕೊಂಡ ವಿಧವೆ ತಾಯಂದಿರೂ ಅಜ್ಜಿಯರೂ ನಾಲ್ಕನೆಯವರು.

ಇದೇ ಅವಧಿಯಲ್ಲಿ ಬೆಂಗಳೂರಿನ ವರೆಗೆ ಮಾತ್ರ ಹೋಗಿ ನೆಲೆಸಿದ ಕುಟುಂಬಗಳೂ ಅನೇಕ. ಮೈಸೂರು ಸಂಸ್ಥಾನದಲ್ಲಿ ಆಂಗ್ಲೋ-ಇಂಡಿಯನ್ನರಿಗೆ ಸ್ವಂತ ನೆಲೆ ಕಲ್ಪಿಸುವ ಪ್ರಯತ್ನ ಹಿಂದೆಯೇ ನಡೆದಿತ್ತು. 1882ರಲ್ಲಿ ಹತ್ತನೆಯ ಚಾಮರಾಜ ಒಡೆಯರು ನೀಡಿದ ಸುಮಾರು 3,900 ಎಕರೆ ಭೂಮಿಯಲ್ಲಿ ಡಿ. ಎಸ್. ವೈಟ್ ಅವರ ನಾಯಕತ್ವದ ಸಂಘ ವೈಟ್‌ಫೀಲ್ಡ್ ವಸಾಹತನ್ನು ಸ್ಥಾಪಿಸಿತು. ಬಂಗಾರಪೇಟೆಯಿಂದ ಬೆಂಗಳೂರಿಗೆ ಹೋಗುವ ರೈಲು ಮಾರ್ಗದಲ್ಲೇ ಇದು ಇದೆ.

ದಾಖಲೆಪತ್ರಗಳು

ವಲಸೆಯ ಅರ್ಜಿಗೆ ಮುಖ್ಯ ಆಧಾರ ಚರ್ಚಿನ ದಾಖಲೆ. ದೀಕ್ಷಾಸ್ನಾನ, ವಿವಾಹ ಮತ್ತು ಸಮಾಧಿಯ ವಹಿಗಳ ನಕಲುಗಳನ್ನು ತಲೆಮಾರುಗಳ ಹಿಂದಕ್ಕೆ ಹುಡುಕಿ ತೆಗೆಯಬೇಕಿತ್ತು. ಈ ವಹಿಗಳ ಪ್ರತಿಗಳನ್ನು ವಸಾಹತು ಕಾಲದಲ್ಲಿ ಲಂಡನ್ನಿಗೆ ಕಳುಹಿಸುವ ಪದ್ಧತಿಯಿತ್ತು. ಅವು ಈಗ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ. ಬ್ರಿಟಿಷ್ ಪೌರತ್ವ ಬಹುಕಾಲ ತಂದೆಯ ಮೂಲಕ ಮಾತ್ರ ಮಕ್ಕಳಿಗೆ ಇಳಿಯುತ್ತಿತ್ತು. 1983ರಲ್ಲಿ ಜಾರಿಗೆ ಬಂದ ಹೊಸ ಕಾಯಿದೆಯ ನಂತರ ತಾಯಿಯ ಮೂಲಕವೂ ಇಳಿಯತೊಡಗಿತು. ಯುರೋಪಿಯನ್ ಪೂರ್ವಜನ ಹೆಸರು ಹುಡುಕುವ ಈ ಕೆಲಸದಲ್ಲಿ ವಂಶದ ಭಾರತೀಯ ಅಜ್ಜಿಯರ ಹೆಸರುಗಳು ಹಿಂದೆ ಸರಿದವು. ಎಷ್ಟೋ ವಂಶವೃಕ್ಷಗಳಲ್ಲಿ ಅವರ ಕ್ರೈಸ್ತ ಹೆಸರು ಮಾತ್ರ ಉಳಿದಿದೆ.

ಹೊರದೇಶದ ಬದುಕು

ಗಣಿ ಪ್ರದೇಶದ ಮನೆಗಳಲ್ಲಿ ಅಡುಗೆಯವರೂ ಆಯಾಗಳೂ ಇದ್ದರು. ಹೊರದೇಶದಲ್ಲಿ ಅಡುಗೆ, ಬಟ್ಟೆ ಒಗೆತ, ಮಕ್ಕಳ ಪಾಲನೆಯನ್ನು ಉದ್ಯೋಗದ ಜೊತೆಗೆ ತಾವೇ ಮಾಡಬೇಕಾಯಿತು. ಮಾತೃಭಾಷೆ ಇಂಗ್ಲಿಷ್ ಆಗಿದ್ದುದರಿಂದ ಭಾಷೆಯ ತೊಡಕು ಕಡಿಮೆಯಿತ್ತು. ಆದರೆ ಇಲ್ಲಿ ಯುರೋಪಿಯನ್ನರಂತೆ ಕಾಣಿಸಿಕೊಂಡವರನ್ನು ಅಲ್ಲಿ ಭಾರತೀಯರೆಂದೋ 'ಬಣ್ಣದವರು' ಎಂದೋ ಗುರುತಿಸಲಾಯಿತು. ಬಾಡಿಗೆ ಮನೆ ಹುಡುಕುವಲ್ಲಿಯೂ ಉದ್ಯೋಗದಲ್ಲಿಯೂ ತಾರತಮ್ಯ ಎದುರಾಯಿತು. ಒಂದು ತಲೆಮಾರಿನೊಳಗೆ ಮಕ್ಕಳು ಆಯಾ ಸಮಾಜದಲ್ಲಿ ಬೆರೆತರು. ಮೊದಲ ತಲೆಮಾರಿನ ಹೆಂಗಸರು ಚರ್ಚು, ಕುಟುಂಬಕೂಟ ಮತ್ತು ಪತ್ರವ್ಯವಹಾರದ ಮೂಲಕ ಊರಿನ ಸಂಬಂಧವನ್ನು ಉಳಿಸಿಕೊಂಡರು.

ಸ್ಮರಣೆಯ ರೂಪಗಳು

ಅಡುಗೆ: ಕೈಮದ ಉಂಡೆಗಳ ಬಾಲ್ ಕರಿ, ತೆಂಗಿನ ಹಾಲಿನ ಹಳದಿ ಅನ್ನ, ಡೆವಿಲ್ ಚಟ್ನಿ, ನಮ್ಮ ಮೆಣಸಿನ ಸಾರಿಗೆ ಹತ್ತಿರದ ಪೆಪ್ಪರ್ ವಾಟರ್, ಕ್ರಿಸ್‌ಮಸ್ ಕಾಲದ ಕಲ್‌ಕಲ್ ಮತ್ತು ಅಚ್ಚನ್ನು ಹಿಟ್ಟಿನಲ್ಲಿ ಅದ್ದಿ ಕರಿಯುವ ರೋಸ್ ಕುಕೀಸ್ ಈ ಪರಂಪರೆಯ ಮುಖ್ಯ ತಿನಿಸುಗಳು. ಕೈಬರಹದ ಅಡುಗೆ ಪುಸ್ತಕ ತಾಯಿಯಿಂದ ಮಗಳಿಗೆ ಬರುವ ಮನೆತನದ ದಾಖಲೆಯಾಗಿದೆ.

ಬರಹ: ಕೆ.ಜಿ.ಎಫ್.ನಲ್ಲಿ ಬೆಳೆದು ಬೆಂಗಳೂರಿನಲ್ಲಿ ನೆಲೆಸಿದ ಲೇಖಕಿ ಬ್ರಿಜೆಟ್ ವೈಟ್-ಕುಮಾರ್ ಆಂಗ್ಲೋ-ಇಂಡಿಯನ್ ಅಡುಗೆಯ ಬಗ್ಗೆ ಹಲವು ಪುಸ್ತಕಗಳನ್ನು ಪ್ರಕಟಿಸಿದ್ದಾರೆ. 2010ರಲ್ಲಿ ಬಂದ ಅವರ 'ಕೋಲಾರ್ ಗೋಲ್ಡ್ ಫೀಲ್ಡ್ಸ್: ಡೌನ್ ಮೆಮರಿ ಲೇನ್' ಗಣಿ ಪ್ರದೇಶದ ಆಂಗ್ಲೋ-ಇಂಡಿಯನ್ ಜೀವನವನ್ನು ದಾಖಲಿಸುವ ಸ್ಮೃತಿಗ್ರಂಥ. ವಲಸೆ ಹೋಗದೆ ಉಳಿದವರೂ ಸಮುದಾಯದ ನೆನಪನ್ನು ಕಾಯುವುದರಲ್ಲಿ ಪಾಲುಗೊಂಡಿದ್ದಕ್ಕೆ ಇದು ನಿದರ್ಶನ.

ಕೂಟಗಳು: ಪ್ರತಿವರ್ಷ ಆಗಸ್ಟ್ 2ರಂದು ವಿಶ್ವ ಆಂಗ್ಲೋ-ಇಂಡಿಯನ್ ದಿನ ಆಚರಿಸಲಾಗುತ್ತದೆ. ವಿಶ್ವ ಆಂಗ್ಲೋ-ಇಂಡಿಯನ್ ಪುನರ್ಮಿಲನ 2010ರಲ್ಲಿ ಪರ್ತ್‌ನಲ್ಲಿಯೂ 2013ರಲ್ಲಿ ಕೋಲ್ಕತ್ತದಲ್ಲಿಯೂ ನಡೆಯಿತು. ಊರಿಗೆ ಬರುವ ವಲಸಿಗರೂ ಅವರ ಮಕ್ಕಳೂ ಹಳೆಯ ಶಾಲೆ, ಚರ್ಚು ಮತ್ತು ಸ್ಮಶಾನಗಳನ್ನು ನೋಡುತ್ತಾರೆ.

ವಂಶಾನ್ವೇಷಣೆ: 1998ರಲ್ಲಿ ಬ್ರಿಟನ್ನಿನಲ್ಲಿ ಸ್ಥಾಪನೆಯಾದ 'ಫ್ಯಾಮಿಲೀಸ್ ಇನ್ ಬ್ರಿಟಿಷ್ ಇಂಡಿಯಾ ಸೊಸೈಟಿ' ಭಾರತದ ಚರ್ಚು ಮತ್ತು ಸಮಾಧಿ ದಾಖಲೆಗಳ ಸೂಚಿಗಳನ್ನು ಒದಗಿಸುತ್ತದೆ.

ಇರಾನಿ ವಲಸೆಯೊಂದಿಗೆ ಹೋಲಿಕೆ

ಮಹಿಳಾ ವಲಸೆಯ ಸ್ಮರಣೆ ಹೆಚ್ಚು ವ್ಯವಸ್ಥಿತವಾಗಿ ದಾಖಲಾಗಿರುವ ಸಮುದಾಯಗಳಲ್ಲಿ ಇರಾನಿಯರದು ಒಂದು. 1979ರ ಕ್ರಾಂತಿಯ ನಂತರ ಅನೇಕ ಇರಾನಿ ಮಹಿಳೆಯರು ಯುರೋಪ್ ಮತ್ತು ಉತ್ತರ ಅಮೆರಿಕಕ್ಕೆ ವಲಸೆ ಹೋದರು. ಫ್ರಾನ್ಸಿನಲ್ಲಿ ನೆಲೆಸಿದ ಮರ್ಜಾನೆ ಸತ್ರಾಪಿಯ ಚಿತ್ರಕಥನ 'ಪರ್ಸೆಪೊಲಿಸ್' 2000ದಿಂದಲೂ, ಅಮೆರಿಕದಲ್ಲಿ ನೆಲೆಸಿದ ಅಜರ್ ನಫೀಸಿಯ 'ರೀಡಿಂಗ್ ಲೋಲಿತಾ ಇನ್ ಟೆಹ್ರಾನ್' 2003ರಲ್ಲಿಯೂ ಪ್ರಕಟವಾಗಿ ಜಗತ್ತಿನಾದ್ಯಂತ ಓದುಗರನ್ನು ಪಡೆದವು. 1981ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಇರಾನಿನ ಮೌಖಿಕ ಇತಿಹಾಸದ ಯೋಜನೆ ಆರಂಭವಾಯಿತು. ಇರಾನಿ ವಲಸಿಗರಲ್ಲಿ ಅನೇಕರಿಗಿಂತ ಭಿನ್ನವಾಗಿ, ಕೆ.ಜಿ.ಎಫ್.ನಿಂದ ಹೋದವರಿಗೆ ತಾಯ್ನಾಡಿಗೆ ಮರಳಿ ಬರಲು ರಾಜಕೀಯ ಅಡ್ಡಿ ಇರಲಿಲ್ಲ. ಅವರ ಪಾಲಿಗೆ ಕಣ್ಮರೆಯಾದುದು ಊರನ್ನು ನಡೆಸುತ್ತಿದ್ದ ಉದ್ಯಮ.

    

ಅಧ್ಯಯನಗಳು

ಆಂಗ್ಲೋ-ಇಂಡಿಯನ್ ಮಹಿಳೆಯರ ವಲಸೆಯ ಕುರಿತ ಪ್ರಮುಖ ಸಂಶೋಧನೆ ಭೂಗೋಳ ವಿದ್ವಾಂಸೆ ಆಲಿಸನ್ ಬ್ಲಂಟ್ ಅವರ 'ಡೊಮಿಸೈಲ್ ಅಂಡ್ ಡಯಾಸ್ಪೊರ' (2005). ಭಾರತ, ಬ್ರಿಟನ್ ಮತ್ತು ಆಸ್ಟ್ರೇಲಿಯಗಳಲ್ಲಿ 'ಮನೆ' ಎಂಬ ಕಲ್ಪನೆ ಈ ಮಹಿಳೆಯರಿಗೆ ಏನಾಗಿತ್ತು ಎಂಬುದನ್ನು ಅದು ವಿಶ್ಲೇಷಿಸುತ್ತದೆ. ಮದ್ರಾಸಿನ ಸಮುದಾಯದ ಬಗ್ಗೆ ಲಯೊನೆಲ್ ಕ್ಯಾಪ್ಲನ್ ಅವರ 'ಚಿಲ್ಡ್ರನ್ ಆಫ್ ಕಲೋನಿಯಲಿಸಂ' (2001) ಇದೆ. ಗಣಿಯ ಕಾರ್ಮಿಕರ ಸಾಮಾಜಿಕ ಚರಿತ್ರೆಗೆ ಜಾನಕಿ ನಾಯರ್ ಅವರ 'ಮೈನರ್ಸ್ ಅಂಡ್ ಮಿಲ್‌ಹ್ಯಾಂಡ್ಸ್' (1998) ಮುಖ್ಯ ಆಕರ. ಬಂಗಲೆಯ ನೆನಪುಗಳನ್ನು ಲೈನಿನ ಚರಿತ್ರೆಯೊಂದಿಗೆ ಇಟ್ಟು ಓದಲು ಈ ಗ್ರಂಥ ನೆರವಾಗುತ್ತದೆ.

ಇಂದಿನ ಸ್ಥಿತಿ

2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಕೆ.ಜಿ.ಎಫ್. ಈಗ ಬಂಗಾರಪೇಟೆಯಿಂದ ಬೇರ್ಪಟ್ಟ ಪ್ರತ್ಯೇಕ ತಾಲ್ಲೂಕು. ಇಲ್ಲಿನ ಸಾವಿರಾರು ಜನ ಮಾರಿಕುಪ್ಪಂ-ಬಂಗಾರಪೇಟೆ ಮಾರ್ಗದ ರೈಲುಗಳಲ್ಲಿ ಪ್ರತಿದಿನ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುತ್ತಾರೆ. ಬಂಗಲೆಗಳಲ್ಲಿ ಹಲವು ಶಿಥಿಲವಾಗಿವೆ. ಚರ್ಚುಗಳೂ ಅವುಗಳ ಶಾಲೆಗಳೂ ಮುಖ್ಯವಾಗಿ ಸ್ಥಳೀಯ ತಮಿಳು ಕ್ರೈಸ್ತರನ್ನೂ ಇತರರನ್ನೂ ಆಧರಿಸಿ ನಡೆಯುತ್ತಿವೆ. 2018 ಮತ್ತು 2022ರ 'ಕೆ.ಜಿ.ಎಫ್.' ಕನ್ನಡ ಚಲನಚಿತ್ರಗಳು ಊರಿನ ಹೆಸರನ್ನು ದೇಶವಿಡೀ ಪರಿಚಯಿಸಿದವು. ಅವುಗಳ ಕಥೆ ಕಾಲ್ಪನಿಕವಾದುದು.

1941ರ ಜನಗಣತಿಯಲ್ಲಿ ಭಾರತದ ಆಂಗ್ಲೋ-ಇಂಡಿಯನ್ನರ ಸಂಖ್ಯೆ ಸುಮಾರು 1.4 ಲಕ್ಷವಿತ್ತು. 2011ರ ಜನಗಣತಿಯಲ್ಲಿ ದೇಶದಲ್ಲಿ 296 ಮಂದಿ ಮಾತ್ರ ಇದ್ದಾರೆಂದು ಕೇಂದ್ರ ಸರ್ಕಾರ 2019ರಲ್ಲಿ ಸಂಸತ್ತಿಗೆ ತಿಳಿಸಿತು. ಸಮುದಾಯದ ಸಂಘಟನೆಗಳು ಈ ಅಂಕಿಯನ್ನು ಒಪ್ಪಲಿಲ್ಲ. ಲೋಕಸಭೆ ಮತ್ತು ವಿಧಾನಸಭೆಗಳಿಗೆ ಆಂಗ್ಲೋ-ಇಂಡಿಯನ್ನರನ್ನು ನಾಮನಿರ್ದೇಶನ ಮಾಡುವ ಅವಕಾಶ 104ನೆಯ ಸಂವಿಧಾನ ತಿದ್ದುಪಡಿಯಿಂದ 2020ರ ಜನವರಿ 25ರಂದು ಕೊನೆಗೊಂಡಿತು.

ಕಾನೂನು ಈ ಸಮುದಾಯವನ್ನು ತಂದೆಯ ವಂಶದಿಂದ ಗುರುತಿಸಿತು. ಅದರ ಅಡುಗೆ, ಪತ್ರ, ಸ್ಮೃತಿ ಮತ್ತು ವಂಶಕಥನಗಳನ್ನು ಕಾಪಾಡುವುದರಲ್ಲಿ ಮಹಿಳೆಯರ ಪಾತ್ರ ಹಿರಿದು. 1950 ಮತ್ತು 1960ರ ದಶಕಗಳಲ್ಲಿ ತರುಣಿಯರಾಗಿ ಬಂಗಾರಪೇಟೆಯಲ್ಲಿ ರೈಲು ಹತ್ತಿದವರು ಈಗ ಇಳಿವಯಸ್ಸಿನಲ್ಲಿದ್ದಾರೆ. ಅವರ ಜೀವನವೃತ್ತಾಂತಗಳನ್ನು ಅವರ ಮಾತಿನಲ್ಲೇ ಸಂಗ್ರಹಿಸುವುದು ಕರ್ನಾಟಕದ ಗಣಿ ಚರಿತ್ರೆಯ ಅಧ್ಯಯನದಲ್ಲಿ ತುರ್ತಾಗಿ ಆಗಬೇಕಾದ ಕೆಲಸ.